ನಾಲ್ಕಿಂಚು ತೆರೆದ ಕಿಟಕಿ

ರೈಲಿನ ಸ್ಲೀಪರ್ ಬೋಗಿಯ ಕಿಟಕಿಯನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಗಾಜಿನದೊಂದು ಷಟರ್, ಪಟ್ಟಿಪಟ್ಟಿಯ ತಗಡಿನದೊಂದು ಷಟರ್. ಎರಡೂ ಮೇಲಕ್ಕೆ ಕೆಳಕ್ಕೆ ಜಾರುತ್ತವೆ. ಇಕ್ಕೆಲದ ಚಿಲಕಗಳನ್ನು ಬೆರಳಿನಿಂದ ಅದುಮಿ ಎತ್ತಬೇಕು, ಬೇಕಾದ ಎತ್ತರದಲ್ಲಿ ಬಿಡಬೇಕು. ಸ್ಪ್ರಿಂಗು ಚಿಲಕದ ನಾಲಿಗೆಯನ್ನು ಚೌಕಟ್ಟಿನ ಕಚ್ಚಿಗೆ ನೂಕುತ್ತದೆ, ಟಕ್ ಎಂದು ಸದ್ದಾಗುತ್ತದೆ, ಷಟರ್ ಅಲ್ಲೇ ನಿಲ್ಲುತ್ತದೆ. ನಾಲಿಗೆ ಸರಿಯಾಗಿ ಕೂರದಿದ್ದರೆ ಬೆರಳಿನ ಮೇಲೆ ಬೀಳುತ್ತದೆಂಬುದು ರೈಲು ಹತ್ತಿದವರಿಗೆಲ್ಲ ಗೊತ್ತು. ಇಂಗ್ಲೆಂಡಿನ ಮನೆಗಳಲ್ಲಿ 17ನೇ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂದ ಸ್ಯಾಶ್ ಕಿಟಕಿ ಇದರ ಹತ್ತಿರದ ನೆಂಟ. ಅಲ್ಲಿ ಷಟರಿಗೆ ಕಟ್ಟಿದ ಹಗ್ಗ ರಾಟೆಯ ಮೇಲೆ ಹಾದು, ಚೌಕಟ್ಟಿನೊಳಗೆ ಅಡಗಿದ ಲೋಹದ ಗುಂಡಿಗೆ ಸೇರುತ್ತದೆ. ಗುಂಡಿನ ತೂಕವೂ ಷಟರಿನ ತೂಕವೂ ಸಮ. ಹಾಗಾಗಿ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ, ಮಗುವೂ ಎತ್ತಬಹುದು. ತೊಂದರೆಯೂ ಅಲ್ಲೇ ಇದೆ: ಒಳಗಿನವರು ಗಾಳಿಗೆಂದು ಅರೆ ತೆರೆದಿಟ್ಟ ಕಿಟಕಿಯನ್ನು ಹೊರಗಿನವರು ಅಷ್ಟೇ ಸುಲಭವಾಗಿ ಪೂರ್ತಿ ತೆರೆಯಬಹುದು. ಅದಕ್ಕೆ ಅಲ್ಲಿನ ಬಡಗಿಗಳು ಕಂಡುಕೊಂಡ ಉಪಾಯ ತೀರಾ ಸರಳ. ಮುಚ್ಚಿದಾಗ ಒಂದರ ಮೇಲೊಂದು ಬರುವ ಎರಡು ಷಟರ್‌ಗಳ ಅಂಚಿನಲ್ಲಿ, ಒಳಗಿನದನ್ನು ಹಾದು ಹೊರಗಿನದರ ಅರ್ಧದವರೆಗೆ ಹೋಗುವಂತೆ ಒಂದು ತೂತು, ನಾಲ್ಕಿಂಚು ಮೇಲೆ ಇನ್ನೊಂದು ತೂತು, ಒಂದು ಪಿನ್ನು. ಕೆಳಗಿನ ತೂತಿಗೆ ಪಿನ್ನು ಹಾಕಿದರೆ ಕಿಟಕಿ ಮುಚ್ಚಿ ಭದ್ರ, ಮೇಲಿನದಕ್ಕೆ ಹಾಕಿದರೆ ನಾಲ್ಕಿಂಚು ತೆರೆದು ಭದ್ರ.

ಈ ಎರಡನೇ ತೂತಿನ ಬಗ್ಗೆಯೇ ಈ ಅಧ್ಯಾಯ. ಬೆಂಗಳೂರಿನ ಹೊಸಕೆರೆಹಳ್ಳಿಯಲ್ಲಿ ಮೇಲೆ ಕೆಳಗೆ ಜಾರುವ ಕಿಟಕಿ ಸಿಗುವುದು ಅಪರೂಪ, ಆದರೆ ಅದನ್ನೇ ಅಡ್ಡ ಮಲಗಿಸಿದಂತಿರುವ ಸ್ಲೈಡಿಂಗ್ ಕಿಟಕಿ ಈಗ ಎಲ್ಲೆಲ್ಲೂ ಇದೆ. ರಿಂಗ್ ರಸ್ತೆಯಿಂದ ನೈಸ್ ರಸ್ತೆಯ ಕಡೆಗೆ ಹೋಗುತ್ತ ಎದ್ದು ನಿಂತ ಎತ್ತರದ ಅಪಾರ್ಟ್‌ಮೆಂಟುಗಳಲ್ಲೂ, ಹಳೆಯ ಊರಿನ ಓಣಿಗಳಲ್ಲಿ ಮೂವತ್ತು ನಲವತ್ತರ ಸೈಟಿನ ಮೇಲೆ ಮಹಡಿಯ ಮೇಲೆ ಮಹಡಿ ಏರಿಸಿದ ಬಾಡಿಗೆ ಮನೆಗಳಲ್ಲೂ ಅಲ್ಯೂಮಿನಿಯಂ ಅಥವಾ ಯುಪಿವಿಸಿ ಚೌಕಟ್ಟು, ತಳದಲ್ಲಿ ಹಳಿ, ಅದರ ಮೇಲೆ ಉರುಳುವ ಗಾಜಿನ ಷಟರ್. ಇದಕ್ಕೊಂದು ಚಿಲಕ ಇದ್ದೇ ಇರುತ್ತದೆ. ಆದರೆ ಆ ಚಿಲಕಕ್ಕೆ ಗೊತ್ತಿರುವುದು ಒಂದೇ ಸ್ಥಿತಿ, ಪೂರ್ತಿ ಮುಚ್ಚಿದ್ದು. ಒಂದಿಂಚು ಸರಿಸಿದರೂ ಅದರ ಕೆಲಸ ಮುಗಿಯಿತು. ಹಾಗಾಗಿ ರಾತ್ರಿ ಮಲಗುವಾಗ ಆ ಮನೆಯವರ ಮುಂದೆ ಎರಡೇ ದಾರಿ: ಪೂರ್ತಿ ಮುಚ್ಚಿ ಉಸಿರುಗಟ್ಟುವುದು, ಇಲ್ಲವೇ ತೆರೆದಿಟ್ಟು ಭಯಪಡುವುದು. ಅರೆ ತೆರೆದ ಸ್ಥಿತಿಗೂ ತನ್ನದೇ ಆದ ಬೀಗ ಇರಬೇಕು, ಕಿಟಕಿಯ ಜೊತೆಗೇ ಅದು ಬರಬೇಕು ಎಂಬುದು ನನ್ನ ವಾದ.

ನಮ್ಮ ಹಳೆಯ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. 1898ರ ಪ್ಲೇಗಿನ ನಂತರ ಬೇಗಬೇಗ ತುಂಬಿದ ಬಸವನಗುಡಿ, ಆಮೇಲೆ ಬಂದ ಜಯನಗರ, ಇಲ್ಲಿನ ಹಳೆಯ ಮನೆಗಳ ಕಿಟಕಿಯನ್ನು ಬಿಡಿಸಿ ನೋಡಿದರೆ ಮೂರು ಕೆಲಸಕ್ಕೆ ಮೂರು ಅಂಗಗಳು ಕಾಣುತ್ತವೆ. ಬೆಳಕಿಗೂ ಮರೆಗೂ ಮರದ ಜೋಡಿ ಬಾಗಿಲು. ಭದ್ರತೆಗೆ ಚೌಕಟ್ಟಿನಲ್ಲೇ ಕೂತ ಕಬ್ಬಿಣದ ಸರಳು. ಗಾಳಿಗೆ, ಕಿಟಕಿಗಿಂತ ಮೇಲೆ ಸೂರಿನ ಹತ್ತಿರ, ಹಗ್ಗ ಎಳೆದು ತೆರೆಯುವ ವೆಂಟಿಲೇಟರ್. ಬಾಗಿಲು ಮುಚ್ಚಿ ಅಗಳಿ ಹಾಕಿ ಮಲಗಿದರೂ ವೆಂಟಿಲೇಟರಿನಿಂದ ಬಿಸಿ ಗಾಳಿ ಹೊರಗೆ ಹೋಗುತ್ತಲೇ ಇರುತ್ತಿತ್ತು. ಕಿಟಕಿ ಬಾಗಿಲಿಗೂ ಅರೆ ತೆರೆದ ಸ್ಥಿತಿ ಗೊತ್ತಿತ್ತು: ಕೊಕ್ಕೆ ಕೊಂಡಿ ಹಾಕಿದರೆ ಬಾಗಿಲು ಗಾಳಿಗೆ ಬಡಿಯದೆ ನಿಲ್ಲುತ್ತಿತ್ತು, ಆಮೇಲಿನ ಉಕ್ಕಿನ ಕಿಟಕಿಗಳಲ್ಲಿ ಸಾಲು ತೂತಿನ ಪಟ್ಟಿಯೊಂದು ಮೊಳೆಗೆ ಸಿಕ್ಕಿಕೊಂಡು, ಯಾವ ತೂತು ಬೇಕೋ ಅಷ್ಟು ತೆರೆದು ಹಿಡಿಯುತ್ತಿತ್ತು. ಸ್ಲೈಡಿಂಗ್ ಕಿಟಕಿ ಈ ಮೂರನ್ನೂ ಒಂದೇ ಗಾಜಿನ ಹಲಗೆಗೆ ಒಪ್ಪಿಸಿತು. ಸೂರು ತಗ್ಗಿತು, ವೆಂಟಿಲೇಟರ್ ಬಚ್ಚಲುಮನೆಗೆ ಸೀಮಿತವಾಯಿತು, ಹೊರನೋಟ ಕೆಡುತ್ತದೆಂದು ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಹೊರಗೆ ಗ್ರಿಲ್ ಹಾಕಲು ಅನುಮತಿಯಿಲ್ಲ. ಮೂರು ಜನ ಮಾಡುತ್ತಿದ್ದ ಕೆಲಸ ಒಬ್ಬನ ತಲೆಗೆ ಬಂದಾಗ ಆ ಒಬ್ಬನ ಕೈಗೆ ಇನ್ನಷ್ಟು ಸಲಕರಣೆ ಕೊಡಬೇಕಿತ್ತು. ಕೊಡಲಿಲ್ಲ.

ಮುಚ್ಚಿದರೆ ಏನು ನಷ್ಟ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಮೂರು ಮೀಟರ್ ಅಗಲ, ಮೂರೂವರೆ ಉದ್ದ, ಮೂರು ಎತ್ತರದ ಮಲಗುವ ಕೋಣೆ, ಅದರಲ್ಲಿ 31.5 ಘನ ಮೀಟರ್ ಗಾಳಿ. ನಿದ್ದೆಯಲ್ಲಿರುವ ವಯಸ್ಕರೊಬ್ಬರು ಗಂಟೆಗೆ ಹನ್ನೆರಡು ಹದಿಮೂರು ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಇಬ್ಬರಿಗೆ 25 ಲೀಟರ್, ಎಂಟು ಗಂಟೆಗೆ 200. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ ಸುಮಾರು 420 ಪಾಲು. ಬಾಗಿಲ ಸಂದು, ಹಳಿಯ ಸಂದುಗಳಿಂದ ಗಂಟೆಗೆ ಕೋಣೆಯ ಐದನೇ ಒಂದು ಭಾಗದಷ್ಟು ಗಾಳಿ ತಾನಾಗಿ ಬದಲಾಗುತ್ತದೆಂದು ಹಿಡಿದರೂ ಬೆಳಗಿನ ಹೊತ್ತಿಗೆ ಕೋಣೆಯಲ್ಲಿ ಅದು 3500 ದಾಟಿರುತ್ತದೆ. ಮ್ಯೂನಿಕ್‌ನ ನೈರ್ಮಲ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ 1858ರಲ್ಲಿ 1000ಕ್ಕೊಂದು ಗೆರೆ ಎಳೆದ. ಅದನ್ನು ದಾಟಿದ ಕೋಣೆಯಲ್ಲಿ ಗಾಳಿ ಸಾಲದೆಂದು ಎಣಿಸುವುದು ಇಂದಿಗೂ ವಾಡಿಕೆ. ಈ ಅನಿಲ ಆ ಮಟ್ಟದಲ್ಲಿ ವಿಷವಲ್ಲ. ಆದರೆ ಉಸಿರಿನ ತೇವ, ಬೆವರಿನ ವಾಸನೆ, ಒಬ್ಬರ ನೆಗಡಿಯ ಹನಿ, ಎಲ್ಲವೂ ಅದರ ಜೊತೆಗೇ ಕೂಡಿಕೊಳ್ಳುತ್ತವೆ. ಅದು ಅವುಗಳ ಅಳತೆಗೋಲು. ಬೆಳಗ್ಗೆ ಏಳುವಾಗ ತಲೆ ಭಾರ ಎನ್ನುವವರು ಮೊದಲು ನೋಡಬೇಕಾದದ್ದು ಕಿಟಕಿಯನ್ನು. ಎಸಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಗೋಡೆಯ ಮೇಲಿನ ಸಾಮಾನ್ಯ ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ಎಳೆದುಕೊಂಡು ತಂಪು ಮಾಡಿ ಮತ್ತೆ ಬಿಡುತ್ತದೆ, ಹೊರಗಿನಿಂದ ಒಂದು ಬೊಗಸೆ ಹೊಸ ಗಾಳಿಯನ್ನೂ ತರುವುದಿಲ್ಲ.

ಈಗ ಅದೇ ಕಿಟಕಿಯನ್ನು ಹತ್ತು ಸೆಂಟಿಮೀಟರ್, ಅಂದರೆ ನಾಲ್ಕಿಂಚು ತೆರೆಯಿರಿ. ನಾಲ್ಕಡಿ ಎತ್ತರದ ಕಿಟಕಿಯಾದರೆ ಸಿಕ್ಕಿದ್ದು 0.12 ಚದರ ಮೀಟರ್ ಸಂದು. ಹೊರಗೆ ಗಾಳಿ ಬೀಸದ ರಾತ್ರಿಯಲ್ಲೂ ಒಳಗೆ ಮೂರು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸಂದಿನ ಮೇಲ್ಭಾಗದಿಂದ ಬಿಸಿ ಗಾಳಿ ಹೊರಟು ಕೆಳಭಾಗದಿಂದ ತಂಪು ಗಾಳಿ ನುಗ್ಗುತ್ತದೆ. ಗಂಟೆಗೆ ಸುಮಾರು 30 ಘನ ಮೀಟರ್, ಕೋಣೆಯ ಗಾಳಿ ಒಮ್ಮೆ ಪೂರ್ತಿ ಬದಲಾದಂತೆ. ಅನಿಲದ ಮಟ್ಟ 1250ರ ಆಸುಪಾಸಿಗೆ ಇಳಿಯುತ್ತದೆ. ಮನೆಯ ಇನ್ನೊಂದು ಬದಿಯಲ್ಲೂ ಅಂಥದ್ದೇ ನಾಲ್ಕಿಂಚು ತೆರೆದು ನಡುವಿನ ಬಾಗಿಲನ್ನು ಸರಿಸಿಟ್ಟರೆ, ಸೆಕೆಂಡಿಗೆ ಒಂದು ಮೀಟರಿನ ಮಂದ ಗಾಳಿಗೇ ಗಂಟೆಗೆ 130 ಘನ ಮೀಟರ್ ಹಾದು ಹೋಗುತ್ತದೆ. ಮಟ್ಟ 600ರ ಹತ್ತಿರ. ಸೊಳ್ಳೆ ಜಾಲರಿ ಅದನ್ನು ಅರ್ಧಕ್ಕಿಳಿಸಿತು ಎಂದುಕೊಂಡರೂ 800. ಪೂರ್ತಿ ತೆರೆದರೆ ಸಿಗುವ ಲಾಭ ಇದರ ಮುಂದೆ ಚಿಕ್ಕದು. ಸೊನ್ನೆಯಿಂದ ನಾಲ್ಕಿಂಚಿಗೆ ಹೋದಾಗ ಸಿಗುವುದು ಬಹುಪಾಲು, ನಾಲ್ಕಿಂಚಿನಿಂದ ಎರಡಡಿಗೆ ಹೋದಾಗ ಸಿಗುವುದು ಉಳಿದ ಚೂರು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ, ಬೆಂಗಳೂರಿನಂಥ ಸಮಶೀತೋಷ್ಣ ಹವೆಯ ಊರುಗಳಲ್ಲಿ ಮನೆಯ ನೆಲದ ವಿಸ್ತೀರ್ಣದ ಶೇ. 12.5ರಷ್ಟು ತೆರೆಯಬಲ್ಲ ಕಿಟಕಿ ಇರಬೇಕೆನ್ನುತ್ತದೆ. ನಮ್ಮ ಕೋಣೆಯ ಪಾಲಿಗೆ ಅದು 1.3 ಚದರ ಮೀಟರ್. ನಾಲ್ಕಿಂಚಿನ ಸಂದು ಅದರ ಹತ್ತರಲ್ಲೊಂದು ಭಾಗವೂ ಅಲ್ಲ; ಏಪ್ರಿಲ್ ತಿಂಗಳ ಸೆಖೆಗೆ ಇದು ಎಲ್ಲಿ ಸಾಕು? ಆಕ್ಷೇಪ ಸರಿಯೇ, ಆದರೆ ಅದು ಎರಡು ಕೆಲಸಗಳನ್ನು ಬೆರೆಸುತ್ತದೆ. ಮೈಗೆ ಗಾಳಿ ಸೋಕಿ ಬೆವರು ಆರುವುದು ಒಂದು. ಕೋಣೆಯ ಬಿಸಿ ಹೊರಗೆ ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ದೊಡ್ಡ ತೆರಪು ಬೇಕು, ಅಥವಾ ಫ್ಯಾನು ಸಾಕು. ಎರಡನೆಯದರ ಲೆಕ್ಕ ಹೀಗಿದೆ: ಗಂಟೆಗೆ 130 ಘನ ಮೀಟರ್ ಗಾಳಿ ಒಳಗಿಗಿಂತ ನಾಲ್ಕು ಡಿಗ್ರಿ ತಂಪಾಗಿ ಬಂದರೆ ಅದು ಹೊತ್ತೊಯ್ಯುವ ಬಿಸಿ ಸುಮಾರು 160 ವಾಟ್. ಮಲಗಿದ ಇಬ್ಬರ ಮೈ ಬಿಡುವ ಬಿಸಿ ಹೆಚ್ಚುಕಡಿಮೆ ಅಷ್ಟೇ. ಹಗಲಿನಲ್ಲಿ ಕಾದ ಗೋಡೆಯ ಬಿಸಿಯನ್ನೆಲ್ಲ ಇದು ಇಳಿಸದು, ನಿಜ. ಆದರೆ 900 ಮೀಟರಿಗೂ ಎತ್ತರದಲ್ಲಿ ಕೂತಿರುವ ಬೆಂಗಳೂರಿಗೆ ಬೇಸಿಗೆಯಲ್ಲೂ ರಾತ್ರಿ ತಂಪಾಗುವ ಭಾಗ್ಯವಿದೆ. ಅದನ್ನು ಗಾಜಿನ ಹೊರಗೇ ನಿಲ್ಲಿಸುವುದು ನನಗಂತೂ ದೊಡ್ಡ ನಷ್ಟವಾಗಿ ಕಾಣುತ್ತದೆ. ಇನ್ನೊಂದು ಮಾತು. ಅದೇ ಸಂಹಿತೆ ಎರಡು ಷಟರಿನ ಸ್ಲೈಡಿಂಗ್ ಕಿಟಕಿಯ ಅರ್ಧವನ್ನು ತೆರೆಯಬಲ್ಲ ಜಾಗವೆಂದು ಎಣಿಸುತ್ತದೆ. ಹಗಲಿಗೆ ಅದು ಸರಿ. ರಾತ್ರಿ ಹತ್ತಕ್ಕೆ ಚಿಲಕ ಬಿದ್ದ ಮೇಲೆ ಆ ಲೆಕ್ಕ ಸೊನ್ನೆ.

ನಾಲ್ಕೇ ಇಂಚು ಏಕೆ? ಇದು ಮಗುವಿನ ತಲೆಯ ಅಳತೆಯಿಂದ ಬಂದದ್ದು. ವರ್ಷ ಎರಡು ವರ್ಷದ ಮಗುವಿನ ತಲೆ ಕಿವಿಯಿಂದ ಕಿವಿಗೆ ಹನ್ನೆರಡು ಹದಿಮೂರು ಸೆಂಟಿಮೀಟರ್. ಹತ್ತರ ಸಂದಿನಲ್ಲಿ ಕೈ ಹೋಗುತ್ತದೆ, ಕಾಲು ಹೋಗುತ್ತದೆ, ತಲೆ ಹೋಗದು. ತಲೆ ಹೋಗದಲ್ಲಿ ಮಗು ಬೀಳದು. ಮಕ್ಕಳು ಕಿಟಕಿಯಿಂದ ಬೀಳುವುದೇ ತಲೆ ಮುಂದಾಗಿ, ಏಕೆಂದರೆ ಆ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ತೂಕದ ಕೇಂದ್ರ ಎದೆಯ ಹತ್ತಿರ ಇರುತ್ತದೆ. ಕಿಟಕಿಯ ಕೆಳಗೆ ದಿವಾನ ಹಾಕುವುದು ನಮ್ಮ ಮನೆಗಳ ರೂಢಿ. ಅದರ ಮೇಲೆ ನಿಂತ ಮಗುವಿಗೆ ಕಿಟಕಿಯ ಅಂಚು ಸೊಂಟದ ಮಟ್ಟಕ್ಕೆ ಬರುತ್ತದೆ. ಮುಂದೆ ಇರುವ ಸೊಳ್ಳೆ ಜಾಲರಿ ಗೋಡೆಯಂತೆ ಕಾಣುತ್ತದೆ, ಗೋಡೆಯಲ್ಲ. ಒರಗಿದರೆ ಬೀಡಿಂಗಿನಿಂದ ಕಿತ್ತು ಬರುತ್ತದೆ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 1970ರ ದಶಕದಲ್ಲಿ ‘ಮಕ್ಕಳಿಗೆ ಹಾರಲು ಬರುವುದಿಲ್ಲ’ ಎಂಬ ಅರ್ಥದ ಹೆಸರಿಟ್ಟು ಅಭಿಯಾನ ನಡೆಸಿತು. ಮನೆಮನೆಗೆ ಹೋಗಿ ತಿಳಿಹೇಳಿತು, ಕಿಟಕಿಗೆ ತಡೆಗಳನ್ನು ಹಂಚಿತು, ಬೀಳುವ ಮಕ್ಕಳ ಸಂಖ್ಯೆ ಇಳಿದದ್ದನ್ನು ಕಂಡಿತು. 1976ರಲ್ಲಿ ಅಲ್ಲಿ ಕಾನೂನೇ ಬಂತು: ಹತ್ತು ವರ್ಷದವರೆಗಿನ ಮಕ್ಕಳಿರುವ ಬಾಡಿಗೆ ಮನೆಗಳ ಕಿಟಕಿಗೆ ತಡೆ ಹಾಕಿಸುವುದು ಮಾಲೀಕರ ಹೊಣೆ. ಬ್ರಿಟನ್ನಿನ ಆರೈಕೆ ಮನೆಗಳಲ್ಲೂ ಕಿಟಕಿ ತೆರೆಯುವ ಮಿತಿ 100 ಮಿಲಿಮೀಟರ್. ತಾಯಿ ತಂದೆ ಎಚ್ಚರವಾಗಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ ಆ ಎಚ್ಚರ ಅಡುಗೆಮನೆಯಲ್ಲಿರುತ್ತದೆ. ಪಿನ್ನು ಕಿಟಕಿಯಲ್ಲೇ ಇರುತ್ತದೆ.

ಇನ್ನು ಬೀಗದ ಒಡಲಿಗೆ ಬರೋಣ. ಕೀಲಿಕೈಯ ಬೀಗ ಕಾಯುವುದು ಗುಟ್ಟನ್ನು: ಯಾವ ಹಲ್ಲು ಎಷ್ಟು ಎತ್ತರ ಎಂಬುದು ಗೊತ್ತಿದ್ದವನಿಗೆ ಅದು ತೆರೆಯುತ್ತದೆ. ಕಿಟಕಿಯ ತಡೆಗೆ ಗುಟ್ಟಿಲ್ಲ. ಅದು ಚಲನೆಯನ್ನು ಮಾತ್ರ ಕಡಿಯುತ್ತದೆ, ಹಾಗಾಗಿ ಅದರ ಬಲ ಕಡಿಯುವ ಬಗೆಯಲ್ಲಿದೆ. ಅಂಗಡಿಯಲ್ಲಿ ಹೆಚ್ಚು ಸಿಗುವುದು ಹಳಿಯನ್ನು ಕಚ್ಚಿ ಹಿಡಿಯುವ ಪುಟ್ಟ ಕ್ಲಾಂಪು. ಚಿಟ್ಟೆಯಂಥ ತಿರುಪನ್ನು ಎರಡು ಬೆರಳಿನಿಂದ ಬಿಗಿದರಾಯಿತು. ಹಾಗೆ ಬಿಗಿದಾಗ ತಿರುಪು ಒತ್ತುವ ಬಲ ಸುಮಾರು 250 ನ್ಯೂಟನ್. ಹಳಿಯ ಎರಡೂ ಮುಖಗಳಲ್ಲಿ ಹುಟ್ಟುವ ಘರ್ಷಣೆ ಹೆಚ್ಚೆಂದರೆ 150, ಅಂದರೆ ಹದಿನೈದು ಕಿಲೋ ತೂಕದಷ್ಟು. ಪುಟ್ಟ ಮಗು ನೂಕಿದರೆ ಅದು ತಡೆಯುತ್ತದೆ. ಕಾಲೂರಿ ನೂಕುವ ದೊಡ್ಡವರ ಮುಂದೆ ಜಾರುತ್ತದೆ, ಎಣ್ಣೆ ಧೂಳು ಸೇರಿದರೆ ಇನ್ನೂ ಬೇಗ. ಅದೇ ಜಾಗದಲ್ಲಿ ಐದು ಮಿಲಿಮೀಟರ್ ದಪ್ಪದ ಉಕ್ಕಿನ ಪಿನ್ನನ್ನು ತೂತಿಗೆ ಇಳಿಸಿ. ಈಗ ಷಟರ್ ಸರಿಯಬೇಕಾದರೆ ಪಿನ್ನು ಕತ್ತರಿಸಿ ಹೋಗಬೇಕು. ಅದಕ್ಕೆ ಸಾಮಾನ್ಯ ಉಕ್ಕಿನಲ್ಲೂ 4500 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕು. ನಿಜದಲ್ಲಿ ಪಿನ್ನಿಗೆ ಮುಂಚೆ ಸೋಲುವುದು ತೂತು. ಒಂದೂಕಾಲು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಗೋಡೆ 1200 ನ್ಯೂಟನ್ ಆಸುಪಾಸಿನಲ್ಲಿ ಹಿಗ್ಗಲು ಶುರುವಾಗುತ್ತದೆ. ಆದರೂ ಅದು ನೂರಿಪ್ಪತ್ತು ಕಿಲೋ ತೂಕ. ಕ್ಲಾಂಪಿನ ಎಂಟು ಪಟ್ಟು. ತೂತಿನ ಹಿಂದೆ ಉಕ್ಕಿನ ತುಂಡೊಂದನ್ನು ಕೂರಿಸಿದರೆ ಇನ್ನೂ ಮೇಲು. ಬಿಗಿತವನ್ನು ನಂಬುವ ಬೀಗಕ್ಕಿಂತ ಅಡ್ಡ ನಿಲ್ಲುವ ಬೀಗ ಮೇಲೆಂಬುದು ಬಾಗಿಲ ಹಿಂದೆ ಅಗಳಿ ಇಟ್ಟವರಿಗೆ ಎಂದೋ ಗೊತ್ತಿತ್ತು.

ಪಿನ್ನು ಬೇಡ, ಕೋಲು ಸಾಕೆಂದರೂ ತಪ್ಪಿಲ್ಲ. ಷಟರ್ ಸರಿದುಹೋಗುವ ಖಾಲಿ ಹಳಿಯಲ್ಲಿ, ನಾಲ್ಕಿಂಚು ಕಡಿಮೆ ಉದ್ದಕ್ಕೆ ಕತ್ತರಿಸಿದ ಮರದ ರೀಪು ಇಟ್ಟರೆ ಅದೇ ತಡೆ. ಆದರೆ ಎರಡು ಕಡೆ ಕಣ್ಣು ತಪ್ಪುತ್ತದೆ. ಒಂದು, ಕಿಟಕಿಯಲ್ಲಿ ಷಟರ್ ಎರಡು. ಎರಡೂ ನಡುವಿನ ಒಂದೇ ಚಿಲಕಕ್ಕೆ ಸಿಕ್ಕಿಕೊಳ್ಳುವ ಬಗೆಯಾದರೆ, ಒಂದನ್ನು ಸರಿಸಿದ ಕೂಡಲೇ ಇನ್ನೊಂದೂ ಬಿಡುಗಡೆಯಾಗುತ್ತದೆ. ಎರಡನೆಯದಕ್ಕೂ ತಡೆ ಬೇಕು. ಎರಡು, ಷಟರ್ ಪಕ್ಕಕ್ಕೆ ಮಾತ್ರವಲ್ಲ, ಮೇಲಕ್ಕೂ ಚಲಿಸುತ್ತದೆ. ಕೂರಿಸುವಾಗ ಷಟರನ್ನು ಮೇಲಿನ ಕಾಲುವೆಗೆ ಎತ್ತಿ ಕೆಳಗಿನ ಹಳಿಗೆ ಇಳಿಸಬೇಕಲ್ಲ, ಅದಕ್ಕೆಂದು ಮೇಲೆ ಬಿಟ್ಟ ಆ ಚೂರು ಜಾಗದಲ್ಲೇ ಹೊರಗಿನಿಂದಲೂ ಎತ್ತಿ ಕಳಚಬಹುದು. ಮೇಲಿನ ಕಾಲುವೆಯಲ್ಲಿ, ಷಟರಿನ ತಲೆಗೆ ತಾಗದಂತೆ ಎರಡು ಸ್ಕ್ರೂ ಇಳಿಸಿದರೆ ಎತ್ತಲು ಜಾಗವಿಲ್ಲ. ಎಷ್ಟೋ ಮನೆಗಳಲ್ಲಿ ಒಳ್ಳೆಯ ಚಿಲಕವಿದೆ, ಈ ಎರಡು ಸ್ಕ್ರೂ ಇಲ್ಲ.

ಗಾಜು ಒಡೆದರೆ ಏನು ಮಾಡುತ್ತೀರಿ ಎಂದು ಕೇಳಬಹುದು. ಒಡೆದರೆ ಸದ್ದಾಗುತ್ತದೆ, ಕಳ್ಳನಿಗೆ ಬೇಕಿರುವುದು ಸದ್ದಿಲ್ಲದ ದಾರಿ. ಗ್ರಿಲ್ ಹಾಕಿಸಿದರೆ ಇದೆಲ್ಲ ಏಕೆ ಎಂಬುದು ಇನ್ನೊಂದು ಪ್ರಶ್ನೆ, ನೆಲಮಹಡಿಯ ಮನೆಗಳಲ್ಲಿ ನ್ಯಾಯವಾದ ಪ್ರಶ್ನೆ. ಅಲ್ಲಿ ಗ್ರಿಲ್ ಇರಲಿ; ಅದರ ಸಂದಿನಿಂದ ಕೋಲು ತೂರಿಸಿ ಮೇಜಿನ ಮೇಲಿನ ಮೊಬೈಲು ಎಳೆಯುವುದನ್ನು ತಡೆಯಲು ನಾಲ್ಕಿಂಚಿನ ಮಿತಿ ಆಗಲೂ ನೆರವಾಗುತ್ತದೆ. ಎತ್ತರದ ಮಹಡಿಗಳಲ್ಲಿ ಮಾತ್ರ ನಾನು ಗ್ರಿಲ್ಲಿನ ಪರ ಮಾತಾಡಲಾರೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು, ಜನ ಉಸಿರಿಗಾಗಿ ಗಾಜು ಒಡೆದರು, ಕೆಲವರು ಹಾರಿದರು. ತೆರೆಯದ ಕಿಟಕಿ ಏನೆಂಬುದನ್ನು ಆ ಸಂಜೆ ತೋರಿಸಿತು. ಅದೇ ಅಳತೆಯನ್ನು ನಾನು ಹೊಗಳುತ್ತಿರುವ ಪಿನ್ನಿಗೂ ಹಿಡಿಯಬೇಕು. ಹೊಗೆ ತುಂಬಿದ ಕೋಣೆಯಲ್ಲಿ ಕೀಲಿ ಹುಡುಕುವಂತಿರಬಾರದು, ಸ್ಕ್ರೂಡ್ರೈವರ್ ಬೇಡುವಂತಿರಬಾರದು. ರೈಲ್ವೆಯವರು ಬೋಗಿಯ ಕಿಟಕಿಗಳಿಗೆಲ್ಲ ಸರಳು ಹಾಕಿ ಕೆಲವನ್ನು ಮಾತ್ರ ತುರ್ತು ಕಿಟಕಿಯೆಂದು ಸರಳಿಲ್ಲದೆ ಬಿಟ್ಟದ್ದು ಇದೇ ಯೋಚನೆಯಿಂದ. ಮನೆಯ ಕಿಟಕಿಗೆ ಇನ್ನೂ ಒಳ್ಳೆಯ ದಾರಿಯಿದೆ: ಎರಡು ಬೇರೆ ಬೇರೆ ಚಲನೆ ಮಾಡಿದರಷ್ಟೇ ಬಿಡುವ ತಡೆ, ಒತ್ತಿ ಹಿಡಿದು ಎಳೆಯುವಂಥದ್ದು. ಅಮೆರಿಕದ ಮಾನದಂಡ ಕೇಳುವುದೂ ಇದನ್ನೇ. ಪುಟ್ಟ ಮಗುವಿಗೆ ಎರಡನ್ನೂ ಒಟ್ಟಿಗೆ ಮಾಡಲು ಬಾರದು, ದೊಡ್ಡವರಿಗೆ ಕತ್ತಲಲ್ಲೂ ಕೈ ತಾನಾಗಿ ಮಾಡುತ್ತದೆ. ರೈಲಿನ ಕಿಟಕಿಯ ಜೋಡಿ ಚಿಲಕ ಇದಕ್ಕೆ ಹತ್ತಿರದ್ದೇ.

ವಾಹನಗಳ ಸದ್ದಿಗೆ ಈ ಬೀಗದಲ್ಲಿ ಉತ್ತರವಿಲ್ಲ. ರಿಂಗ್ ರಸ್ತೆಗೆ ಮುಖ ಮಾಡಿದ ಕೋಣೆಯವರು ಹಿಂಬದಿಯ ಕಿಟಕಿಯನ್ನೇ ನೆಚ್ಚಬೇಕು. ಕೋತಿಗಳ ಕಾಟವಿರುವ ಬಡಾವಣೆಗಳಲ್ಲಿ ನಾಲ್ಕಿಂಚು ಹೆಚ್ಚಾಯಿತು. ಸಣ್ಣ ಕೋತಿಗೆ ಅಷ್ಟರಲ್ಲೇ ದಾರಿಯಾದೀತು, ಎರಡಿಂಚಿಗೊಂದು ತೂತು ಬೇಕು. ಮುಂಗಾರಿನಲ್ಲಿ ಪಡುವಣದಿಂದ ಎರಚಲು ಬರುವ ಮನೆಗಳಿಗೂ ಆ ಎರಡಿಂಚೇ ಹೊಂದುತ್ತದೆ. ಹೀಗೆ ಮೂರು ತೂತಾಯಿತು: ಮುಚ್ಚಿದ್ದಕ್ಕೊಂದು, ಎರಡಿಂಚಿಗೊಂದು, ನಾಲ್ಕಿಂಚಿಗೊಂದು. ಎರಡೂವರೆ ಟ್ರ್ಯಾಕಿನ ಕಿಟಕಿಯಲ್ಲಿ ಜಾಲರಿಯ ಷಟರನ್ನು ಸಂದಿನ ಮುಂದೆ ಎಳೆದರೆ ಸೊಳ್ಳೆಯೂ ಹೊರಗೇ. ತಯಾರಿಕೆಯ ಶೆಡ್ಡಿನಲ್ಲಿ ಚೌಕಟ್ಟು ಕತ್ತರಿಸಿ, ನೀರು ಹರಿಯಲು ಹಳಿಗೆ ತೂತು ಹೊಡೆಯುವ ಯಂತ್ರದ ಮುಂದೆ ಅದು ಹೇಗೂ ಮಲಗಿರುತ್ತದೆ. ಈ ಮೂರು ತೂತನ್ನೂ ಆಗಲೇ ಹೊಡೆಯಬಹುದು. ಕಿಟಕಿ ಕೂತು, ಮನೆ ತುಂಬಿ, ಹನ್ನೆರಡನೇ ಮಹಡಿಯ ಗಾಜಿನಾಚೆ ಕೈ ಚಾಚಿ ಡ್ರಿಲ್ ಹಿಡಿಯುವ ಪಾಡು ಆಮೇಲೆ ಯಾರಿಗೂ ಬರುವುದಿಲ್ಲ.